ಕೆಟಲ್‌ಬೆಲ್ ವ್ಯಾಯಾಮದಲ್ಲಿ ‘ತೀವ್ರತೆ’ ಅಂದರೇನು?

ಕೆಟಲ್‌ಬೆಲ್ (ಮೇಲೆ ಹಿಡಿಕೆಯಿರುವ ಕಬ್ಬಿಣದ ಗುಂಡು) ವ್ಯಾಯಾಮ ಮಾಡುವವರನ್ನು ‘ಎಷ್ಟು ಜೋರಾಗಿ ಮಾಡ್ತೀರಿ?’ ಅಂತ ಕೇಳಿದರೆ ಉತ್ತರ ಹೆಚ್ಚಾಗಿ ಕೆಜಿಯಲ್ಲೇ ಬರುತ್ತದೆ. 16, 24, 32. (ರಷ್ಯಾದ ‘ಪೂಡ್’ ಎಂಬ ಹಳೆಯ ತೂಕ ಸುಮಾರು 16.4 ಕೆಜಿ. ಈ ಅಳತೆಗಳ ಮೂಲ ಅದೇ.) ಆದರೆ ತೀವ್ರತೆ ಅಂದರೆ ದೇಹ ತನ್ನ ಗರಿಷ್ಠ ಶಕ್ತಿಯಲ್ಲಿ ಎಷ್ಟು ಪಾಲನ್ನು ಆ ಹೊತ್ತಿಗೆ ಖರ್ಚು ಮಾಡುತ್ತಿದೆ ಎಂಬುದು. ತೂಕದ ಜೊತೆಗೆ ನಿಮಿಷಕ್ಕೆ ಎಷ್ಟು ಸಲ ಬೀಸುತ್ತೀರಿ, ನಡುವೆ ಎಷ್ಟು ಹೊತ್ತು ನಿಲ್ಲುತ್ತೀರಿ, ಎರಡು ಕೈಯಲ್ಲಿ ಎದೆಮಟ್ಟಕ್ಕೆ ಬೀಸುವ ಸ್ವಿಂಗೋ ಒಂದೇ ಕೈಯಲ್ಲಿ ತಲೆಯ ಮೇಲಕ್ಕೆ ಒಯ್ಯುವ ಸ್ನ್ಯಾಚೋ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಒಂದು ಸ್ವಿಂಗನ್ನೇ ಗಮನಿಸಿ. ಬೆಲ್ ಕಾಲುಗಳ ನಡುವೆ ಹಿಂದಕ್ಕೆ ಹೋದಾಗ ತೊಡೆಯ ಹಿಂಭಾಗ ಬಿಗಿಯುತ್ತದೆ. ಸೊಂಟ ಮುಂದಕ್ಕೆ ಚಿಮ್ಮಿದ ಕೂಡಲೇ ಬೆಲ್ ಎದೆಮಟ್ಟಕ್ಕೆ ಏಳುತ್ತದೆ. ತೋಳಿನದು ಬರೀ ಹಗ್ಗದ ಕೆಲಸ. ಆದರೆ ಮುಷ್ಟಿಗೆ ಮಾತ್ರ ಪೂರ್ತಿ ಬಿಡುವು ಸಿಗುವುದಿಲ್ಲ.

ಈ ಹಿಡಿತ ಸಣ್ಣ ವಿಷಯ ಅಲ್ಲ. ಬಿಗಿಯಾಗಿಯೇ ಇರುವ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಒತ್ತುತ್ತದೆ. ಅಲ್ಲಿಂದ ನರಗಳ ಮೂಲಕ ಸುದ್ದಿ ಹೋಗಿ ಎದೆಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ಹೀಗಾಗಿ ಕೆಟಲ್‌ಬೆಲ್‌ನಲ್ಲಿ ಎದೆಬಡಿತ ಆಮ್ಲಜನಕದ ಬಳಕೆಗಿಂತ ಮುಂದೆ ಓಡುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಯುವಕರು 16 ಕೆಜಿ ಬೆಲ್ ಹಿಡಿದು 12 ನಿಮಿಷದಲ್ಲಿ ಆದಷ್ಟು ಸ್ವಿಂಗ್ ಮಾಡಿದರು. ಸರಾಸರಿ ಎದೆಬಡಿತ ಗರಿಷ್ಠದ 87% ಮುಟ್ಟಿತು. ಆಮ್ಲಜನಕದ ಬಳಕೆ ಮಾತ್ರ ಗರಿಷ್ಠದ ಸುಮಾರು 65%. ಓಟದಲ್ಲಿ ಎದೆ ಅಷ್ಟು ಬಡಿಯುತ್ತಿದ್ದರೆ ಆಮ್ಲಜನಕದ ಪಾಲು ಇನ್ನೂ ಜಾಸ್ತಿ ಇರುತ್ತದೆ.

ಅಂದರೆ, ಬರೀ ಎದೆಬಡಿತ ನೋಡಿ ಕ್ಯಾಲರಿ ಲೆಕ್ಕ ಹಾಕುವ ಕೈಗಡಿಯಾರ ಇಲ್ಲಿ ಹೆಚ್ಚು ತೋರಿಸುವ ಸಾಧ್ಯತೆಯಿದೆ. ನನ್ನ ಮಟ್ಟಿಗೆ ಉಸಿರೇ ಒಳ್ಳೆಯ ಅಳತೆ. ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ತೀವ್ರತೆ ಕಡಿಮೆ. ಮಾತು ತುಂಡು ತುಂಡಾದರೆ ಮಧ್ಯಮ. ಒಂದೆರಡು ಪದಕ್ಕೇ ಏದುಸಿರು ಬಂದರೆ ಜಾಸ್ತಿ. ಆ ಹಂತದಲ್ಲಿ ಸ್ನಾಯುಗಳು ಸಕ್ಕರೆಯನ್ನು ವೇಗವಾಗಿ ಒಡೆಯುತ್ತವೆ, ಹಾಗೆ ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ಎಂಬ ವಸ್ತು ರಕ್ತದಲ್ಲಿ ಏರುತ್ತದೆ. ಬೆಲ್ ಕೆಳಗಿಟ್ಟ ಮೇಲೂ ಸ್ವಲ್ಪ ಹೊತ್ತು ಉಸಿರಾಟ ಜೋರಾಗಿಯೇ ಇರುತ್ತದೆ.

ಬಿಡುವು ಬದಲಾದರೆ ಅದೇ ಬೆಲ್‌ಗೆ ದೇಹದ ಪ್ರತಿಕ್ರಿಯೆಯೂ ಬದಲಾಗುತ್ತದೆ. 24 ಕೆಜಿಯಲ್ಲಿ ಐದು ಬಲವಾದ ಸ್ವಿಂಗ್ ಮಾಡಿ ಎರಡು ನಿಮಿಷ ನಿಂತರೆ ಲಾಭ ಹೆಚ್ಚಾಗಿ ಸೊಂಟದ ಚಿಮ್ಮುವ ಬಲಕ್ಕೆ. 30 ಸೆಕೆಂಡ್ ಕೆಲಸ, 30 ಸೆಕೆಂಡ್ ಬಿಡುವು ಅಂತ ಹತ್ತು ನಿಮಿಷ ಎಳೆದರೆ ಹೃದಯ, ಶ್ವಾಸಕೋಶಕ್ಕೂ ದುಡಿಮೆ. ಏನು ಬೇಕು ಅಂತ ಮೊದಲೇ ತೀರ್ಮಾನಿಸಿಕೊಳ್ಳಿ, ಸುಮ್ನೆ ತೂಕ ಏರಿಸಬೇಡಿ.

ಬಿಪಿ ಅಥವಾ ಹೃದಯದ ತೊಂದರೆ ಇರುವವರು ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಯಾರೇ ಆಗಲಿ, ಉಸಿರು ಬಿಗಿಹಿಡಿದುಕೊಂಡೇ ಬೀಸಬಾರದು. ಬೆನ್ನು ಬಾಗತೊಡಗಿದರೆ, ಸೊಂಟದ ಬದಲು ಭುಜದಿಂದ ಎತ್ತುತ್ತಿದ್ದೀರಿ ಅನಿಸಿದರೆ, ಎಣಿಕೆ ಮುಗಿಯದಿದ್ದರೂ ಆ ಸೆಟ್ ಅಲ್ಲಿಗೇ ನಿಲ್ಲಿಸಿ.