ಬಿಸಿನೀರು ಉಗುಳುವ ಹಂಸ

ಕಲಬುರಗಿಯಲ್ಲಿ ಶರಣಬಸವೇಶ್ವರ ಅಪ್ಪನ ಜಾತ್ರೆ. ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದೆ. ಪಕ್ಕದ ಮನೆಯ ಕಾಕಾ ಮೊಬೈಲ್ ಮುಂದೆ ಹಿಡಿದರು. ಪರದೆಯ ಮೇಲೆ ನಾಲ್ಕು ಗಾಲಿಯ ದೊಡ್ಡ ಬಿಳಿ ಹಂಸ.

“ನೋಡು ತಮ್ಮಾ, ನಮ್ಮ ಹಿಂದಿನವರ ಪುಷ್ಪಕ ವಿಮಾನ. ಬ್ರಿಟಿಷರು ಒಯ್ದು ಮ್ಯೂಸಿಯಂದಾಗ ಇಟ್ಟಾರ.”

“ಕಾಕಾ, ಅದಕ್ಕ ಪೆಟ್ರೋಲ್ ಹಾಕ್ತಿದ್ರು!”

ಇಂಥ ಫಾರ್ವರ್ಡ್ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸುಳ್ಳಿಗಿಂತ ನಿಜವೇ ಇಲ್ಲಿ ಜಾಸ್ತಿ ಮಜವಾಗಿದೆ. ಈ ಹಂಸ 1910ರ ಕಾರು. ಕಲ್ಕತ್ತಾದಲ್ಲಿದ್ದ ಶ್ರೀಮಂತ ಬ್ರಿಟಿಷ್ ಎಂಜಿನಿಯರ್ ಮ್ಯಾಥ್ಯೂಸನ್ ಅದನ್ನು ಇಂಗ್ಲೆಂಡಿನ ಬ್ರೂಕ್ ಕಂಪನಿಯಲ್ಲಿ ಮಾಡಿಸಿದ. ಮೈತುಂಬ ಕೆತ್ತನೆ, ಚಿನ್ನದ ರೇಕು, ರಾತ್ರಿ ಹೊಳೆಯುವ ಕಣ್ಣು. ಗಾಲಿಗೆ ಮೆತ್ತಿದ ಆನೆ ಲದ್ದಿ ಒರೆಸಲು ಬ್ರಷ್ ಕೂಡ ಇತ್ತು. ಮೊದಲ ದಿನ ಬೀದಿಗಿಳಿದಾಗ ಜನ ಗಾಬರಿಯಾಗಿ, ಪೊಲೀಸರು ಬರಬೇಕಾಯಿತು. ಆಮೇಲೆ ಪಂಜಾಬಿನ ನಾಭಾ ಸಂಸ್ಥಾನದ ಮಹಾರಾಜರ ಕೈ ಸೇರಿತು. ಹಾಳುಬಿದ್ದಿದ್ದ ಅದನ್ನು ನೆದರ್‌ಲ್ಯಾಂಡ್ಸಿನ ಲೌಮನ್ ಮ್ಯೂಸಿಯಂ ಮತ್ತೆ ಸಜ್ಜು ಮಾಡಿದೆ.

ನನಗೆ ಇಷ್ಟವಾಗಿದ್ದು ಅದರ ಚಿನ್ನವಲ್ಲ, ವ್ಯರ್ಥವಾಗುವ ಶಾಖ. ರೊಟ್ಟಿ ಬಡಿಯುವಾಗ ಒಲೆಯ ಕಾವು ಹಂಚಿಗಿಂತ ಜಾಸ್ತಿ ಅವ್ವನ ಮುಖಕ್ಕೇ ಹೊಡೆಯುತ್ತದೆ, ಅಲ್ವಾ? ಪೆಟ್ರೋಲ್ ಎಂಜಿನ್ನೂ ಹಾಗೇ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಗಾಲಿಗೆ ಮುಟ್ಟುವುದು ಹೆಚ್ಚುಕಡಿಮೆ ಕಾಲು ಭಾಗ. ಉಳಿದಿದ್ದರಲ್ಲಿ ಬಹುಪಾಲು ತಂಪು ಮಾಡುವ ನೀರಿಗೆ ಮತ್ತು ಹೊಗೆಗೆ ಹೋಗುತ್ತದೆ. ಈ ಹಂಸ ಎರಡನ್ನೂ ಬಿಡಲಿಲ್ಲ. ಬಿಸಿನೀರಿನ ಕೊಳವೆ ಕೊಕ್ಕಿಗೆ ಹೋಗುತ್ತಿತ್ತು. ಕೊಕ್ಕು ತೆರೆದರೆ ದಾರಿಯಲ್ಲಿದ್ದವರ ಮೇಲೆ ಬಿಸಿ ಹಬೆ! ಅಮಾನುಷವೇ, ಒಪ್ಪುತ್ತೇನೆ. ನೀರು ಹಬೆಯಾದರೆ ಸುಮಾರು 1,700 ಪಟ್ಟು ಉಬ್ಬುತ್ತದೆ. ಕುಕ್ಕರ್ ಸೀಟಿ ಹೊಡೆಯುವುದು ಅದೇ ಒತ್ತಡಕ್ಕೆ.

ಹೊಗೆಯದು ಇನ್ನೂ ಸೊಗಸು. ಅದನ್ನು ಎಂಟು ಕೊಳವೆಗಳ ಹಾರ್ನಿಗೆ ತಿರುಗಿಸಿದ್ದರು. ಹಾರ್ಮೋನಿಯಂನಂಥ ಕೀಲಿಗಳನ್ನು ಒತ್ತಿದರೆ ಸ್ವರ. ಜಾತ್ರೆಯ ಪೀಪಿ ನೆನಪಿಸಿಕೊಳ್ಳಿ. ಊದಿದ ಗಾಳಿ ಒಳಗಿನ ಗಾಳಿಕಂಬವನ್ನು ಜೀಕುತ್ತದೆ. ಉಯ್ಯಾಲೆ ಇದ್ದಂತೆ: ಹಗ್ಗ ಉದ್ದವಾದಷ್ಟೂ ತೂಗಾಟ ನಿಧಾನ. ಕೊಳವೆಯೂ ಉದ್ದವಾದಷ್ಟು ಸ್ವರ ಮಂದ್ರ. ಖಾಲಿ ಬಾಟಲಿಯ ಬಾಯಿಗೆ ಊದಿ ನೋಡಿ, ನೀರು ತುಂಬಿದಷ್ಟೂ ದನಿ ಏರುತ್ತದೆ, ಗಾಳಿಯ ಕಂಬ ಗಿಡ್ಡವಾಯಿತಲ್ಲ! ಇನ್ನೊಂದು ಗುಟ್ಟು: ಬಿಸಿ ಗಾಳಿಯಲ್ಲಿ ಸದ್ದು ವೇಗವಾಗಿ ಓಡುತ್ತದೆ. ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ನಮ್ಮ ಬೇಸಿಗೆಯ 43 ಡಿಗ್ರಿಯಲ್ಲಿ ಸುಮಾರು 357. ಹಾಗಾಗಿ ಅದೇ ಪೀಪಿ ಚಳಿಗಿಂತ ಬಿಸಿಲಲ್ಲಿ ತುಸು ಏರಿದ ಸ್ವರ ಕೊಡುತ್ತದೆ. ಕಾದ ಹೊಗೆ ತುಂಬಿದ ಹಂಸದ ಕೊಳವೆಗಳಲ್ಲೂ ಅಷ್ಟೇ.

 

ನನ್ನ ಪೀಪಿ ಪಾಠಕ್ಕೆ ಕಾಕಾ ಬಗ್ಗಲಿಲ್ಲ. ಇನ್ನೊಂದು ಭಜಿ ಮುರಿದು ಕೇಳಿದರು, “ಲದ್ದಿ ಒರಸೋ ಬ್ರಷ್ ಇತ್ತು ಅಂದ್ಯಲ್ಲ?”

“ಹೂಂ.”

“ಹಂಗಾದ್ರ ಇದು ಹಾರಿಲ್ಲ ಬಿಡು.”