ಪದ ಪರಿಚಯ: ಲೋ ಬ್ಯಾಟರಿ ಕಟ್-ಆಫ್

ಮಂಗಳೂರು, ಉಡುಪಿ ಕಡೆ ‘ಕಟ್’ ಎಂಬ ಮಾತಿಗೆ ಎರಡು ಅರ್ಥ. ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಲೈನು ಹೋದರೆ ಕರೆಂಟ್ ಕಟ್. ಅದಾಗಿ ಅರ್ಧ ಗಂಟೆಗೆ ಇನ್ವರ್ಟರ್ ಕೂಗಿಕೊಂಡು ಫ್ಯಾನೆಲ್ಲ ನಿಂತರೆ ‘ಇನ್ವರ್ಟರೂ ಕಟ್ಟಾಯ್ತು’. ಈ ಎರಡನೆಯದರ ಪೂರ್ತಿ ಹೆಸರು ಲೋ ಬ್ಯಾಟರಿ ಕಟ್-ಆಫ್. ಬ್ಯಾಟರಿ ಕೆಡದಿರಲಿ ಎಂದು ಇನ್ವರ್ಟರ್ ತಾನಾಗಿಯೇ ಔಟ್‌ಪುಟ್ ನಿಲ್ಲಿಸುವುದು ಇದು. ಇನ್ವರ್ಟರೇ ಹಾಳಾಯಿತೆಂದು ಆಟೋದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋಗುವ ಮೊದಲು ಈ ಪದವನ್ನು ಸರಿಯಾಗಿ ತಿಳಿದುಕೊಳ್ಳುವುದು ಲಾಭ.

12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ಆರು ಸೆಲ್. ಲೋಡ್ ಎಳೆಯುವಾಗ ಒಂದೊಂದು ಸೆಲ್ಲು 1.75 ವೋಲ್ಟಿಗೆ ಇಳಿದರೆ ಒಟ್ಟು 10.5. ಅದಕ್ಕಿಂತ ಕೆಳಗೆ ಎಳೆದರೆ ಪ್ಲೇಟುಗಳ ಮೇಲೆ ಕೂರುವ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ 11ರ ಆಸುಪಾಸಿನಲ್ಲಿ ಬೀಪ್ ಶುರುವಾಗಿ, 10.5ರ ಸುತ್ತಮುತ್ತ ಔಟ್‌ಪುಟ್ ನಿಲ್ಲುತ್ತದೆ. ಎರಡು ಬ್ಯಾಟರಿಯ 24 ವೋಲ್ಟಿನ ಸೆಟ್ಟಿಗೆ ಅದು 21.

ಎಡವಟ್ಟು ಆಗುವುದು ಇಲ್ಲಿ: ಬ್ಯಾಟರಿಯೊಳಗೆ ಎಷ್ಟಿದೆ ಎಂಬುದು ಇನ್ವರ್ಟರ್‌ಗೆ ಗೊತ್ತಿಲ್ಲ. ಕೇಬಲ್ಲು, ಲಗ್ಗು (ಕೇಬಲ್ಲಿನ ತುದಿಗೆ ಕೂರಿಸಿದ ಲೋಹದ ಬಳೆ), ಟರ್ಮಿನಲ್ಲು ದಾಟಿ ತನ್ನ ಬಾಗಿಲಿಗೆ ಎಷ್ಟು ಬಂತೋ ಅಷ್ಟನ್ನೇ ಅದು ನಂಬುತ್ತದೆ.

ಒಂದು ಮನೆಯ ಲೆಕ್ಕ ಹಿಡಿಯೋಣ. 75 ವಾಟಿನ ನಾಲ್ಕು ಫ್ಯಾನು, 9 ವಾಟಿನ ಎಂಟು ಎಲ್‌ಇಡಿ, 80 ವಾಟಿನ ಟಿವಿ, 10 ವಾಟಿನ ರೂಟರ್: ಒಟ್ಟು 462 ವಾಟ್. ಇನ್ವರ್ಟರ್‌ನ ಕ್ಷಮತೆ ಶೇ. 80 ಎಂದುಕೊಂಡರೆ ಬ್ಯಾಟರಿಯಿಂದ ಹೊರಡುವುದು ಸುಮಾರು 48 ಆಂಪಿಯರ್. ಟರ್ಮಿನಲ್ಲಿನಲ್ಲಿ ಕಿಲುಬು ಹಿಡಿದು ಬರೀ 0.02 ಓಮ್ ರೋಧ ಬಂದಿದ್ದರೂ ಅಲ್ಲೇ ಹೆಚ್ಚುಕಮ್ಮಿ 1 ವೋಲ್ಟ್ ಸೋರಿ ಹೋಗುತ್ತದೆ. ಬ್ಯಾಟರಿಯ ಮೇಲೆ ಇನ್ನೂ 11.4 ಇರುತ್ತದೆ, ಇನ್ವರ್ಟರ್‌ಗೆ ಕಾಣುವುದು 10.4. ಕಟ್! ಸೋರಿದ್ದು ಆ ಜೋಡಣೆಯಲ್ಲೇ 46 ವಾಟ್ ಶಾಖವಾಗುತ್ತದೆ. 25 ವಾಟಿನ ಸೋಲ್ಡರಿಂಗ್ ಐರನ್ ಎರಡನ್ನು ಒಟ್ಟಿಗೆ ಹಚ್ಚಿ ಅಲ್ಲಿಟ್ಟ ಹಾಗೆ. ಟರ್ಮಿನಲ್ ಪಕ್ಕದ ಪ್ಲಾಸ್ಟಿಕ್ ಮೆತ್ತಗಾಗಿದ್ದರೆ ಕಾರಣ ಇದೇ.

ಪತ್ತೆಹಚ್ಚಲು ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿಗೆ ತಿರುಗಿಸಿ, ಮೇನ್ಸ್ ಆಫ್ ಮಾಡಿ, ಇನ್ವರ್ಟರ್ ಮೇಲೆ ಫ್ಯಾನು-ಲೈಟು ಎಲ್ಲ ಓಡುತ್ತಿರುವಾಗಲೇ ಅಳೆಯಬೇಕು. ಲೋಡ್ ಇಲ್ಲದೆ ಅಳೆದ ವೋಲ್ಟೇಜಿಗೆ ಇಲ್ಲಿ ಬೆಲೆಯಿಲ್ಲ. ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದು ಅದೇ ಕಂಬಕ್ಕೆ ಬಿಗಿದ ಲಗ್ಗಿನ ಮೇಲೆ. ಒಳ್ಳೆಯ ಜೋಡಣೆಯಲ್ಲಿ ಮೀಟರ್ ಬಹುತೇಕ ಸೊನ್ನೆ ತೋರಿಸುತ್ತದೆ. 0.1 ದಾಟಿದರೆ ಬಿಚ್ಚಿ ನೋಡಬೇಕು. ಪ್ಲಸ್ಸು, ಮೈನಸ್ಸು ಎರಡೂ ಕಡೆ ಇದನ್ನೇ ಮಾಡಿ.

ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದಂಥ ಕಡಲಬದಿಯಲ್ಲಿ ಈ ತೊಂದರೆ ಜಾಸ್ತಿ. ಉಪ್ಪುಗಾಳಿ, ಆಟಿ ತಿಂಗಳ ಮಳೆಯ ತೇವ, ಅದರ ಮೇಲೆ ಬ್ಯಾಟರಿಯ ಆ್ಯಸಿಡ್ ಆವಿ. ಬಿಳಿ ಹಿಟ್ಟಿನಂತೆ ಕೂತಿರುವುದು ಸೀಸದ ಸಲ್ಫೇಟ್, ನೀಲಿ-ಹಸಿರು ಕಂಡರೆ ತಾಮ್ರದ್ದು. ತೊಳೆಯುವಾಗ ಮೊದಲು ಇನ್ವರ್ಟರ್ ಆಫ್, ಗೋಡೆಯ ಪ್ಲಗ್ ಹೊರಗೆ. ಉಂಗುರ, ಬಳೆ ತೆಗೆದಿಡಿ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಕಾಲು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕರಗಿಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ನೊರೆ ಬಂದು ಬಿಡುತ್ತದೆ. ಸೋಡಾ ನೀರು ಸೆಲ್ಲಿನೊಳಗೆ ಒಂದು ಹನಿಯೂ ಹೋಗಕೂಡದು. ಒರೆಸಿ, ಒಣಗಿಸಿ, ಪ್ಲಸ್ ಮೊದಲು ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಬಿಗಿಯುವ ಮೊದಲು ಸವರುವ ಅಭ್ಯಾಸ ಬೇಡ. ಕೊನೆಯ ತಂತಿ ತಾಗಿಸುವಾಗ ಚಿಟಿಕ್ಕೆಂದು ಕಿಡಿ ಹಾರಿದರೆ ಗಾಬರಿ ಬೇಡ, ಇನ್ವರ್ಟರಿನೊಳಗಿನ ಕೆಪಾಸಿಟರ್ ತುಂಬಿಕೊಳ್ಳುವುದು ಅದು. ಲಗ್ಗಿನ ಬುಡದಲ್ಲಿ ತಾಮ್ರದ ಎಳೆಗಳು ಕಪ್ಪಾಗಿದ್ದರೆ ತೊಳೆದು ಪ್ರಯೋಜನವಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಲಗ್ ಹಾಕಿಸಬೇಕು.

ಜೋಡಣೆಯೆಲ್ಲ ಸರಿಯಿದ್ದೂ ಬೇಗ ಕಟ್ ಆಗುತ್ತಿದ್ದರೆ ಬ್ಯಾಟರಿಯೇ ‘ಕೂತಿದೆ’. ಕಟ್ ಆದ ಹತ್ತು ನಿಮಿಷಕ್ಕೆ ಅಳೆದರೆ ವೋಲ್ಟೇಜ್ ಮತ್ತೆ 12ರ ಹತ್ತಿರ ಏರಿರುತ್ತದೆ. ಅದನ್ನು ನಂಬಿ ಆಫ್-ಆನ್ ಮಾಡಿ ಎರಡೆರಡು ನಿಮಿಷ ಓಡಿಸುವವರಿದ್ದಾರೆ. ಬ್ಯಾಟರಿಯನ್ನು ಕೊಲ್ಲಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಪೂರ್ತಿ ಚಾರ್ಜ್ ಆಗಿ ಎರಡು-ಮೂರು ಗಂಟೆ ಸುಮ್ಮನೆ ಬಿಟ್ಟ ಒಳ್ಳೆಯ ಬ್ಯಾಟರಿ 12.6–12.7 ತೋರಿಸಬೇಕು. ಆ್ಯಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ಐದು ಸೆಲ್ 1.230 ತೋರಿಸಿ ಒಂದು ಮಾತ್ರ 1.150ರಲ್ಲಿ ನಿಂತರೆ ಆ ಸೆಲ್ಲೇ ಉಳಿದ ಐದನ್ನೂ ಎಳೆದು ಹಾಕುತ್ತಿರುವುದು. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಮುರಕಲ್ಲಿನ (ಜಂಬಿಟ್ಟಿಗೆ) ಬಾವಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಕಬ್ಬಿಣವೋ ಲವಣವೋ ಇದ್ದೇ ಇರುತ್ತದೆ, ಬ್ಯಾಟರಿ ನಿಂತಲ್ಲೇ ಇಳಿಯತೊಡಗುತ್ತದೆ.

ಬ್ಯಾಟರಿಯ ಮೇಲೆ 150 ಎಎಚ್ (ಆಂಪಿಯರ್-ಗಂಟೆ) ಎಂದು ಬರೆದದ್ದು ಏನಾಯಿತು ಎಂಬ ತಕರಾರೂ ಇದೆ. ಸಿ20 ಎಂದಿದ್ದರೆ ಆ ಅಳತೆ 7.5 ಆಂಪಿಯರ್‌ನಂತೆ 20 ಗಂಟೆ ಎಳೆದಾಗಿನದು. 48 ಆಂಪಿಯರ್ ಎಳೆದರೆ ಭಾಗಿಸಿ ಬರುವ ಮೂರು ಗಂಟೆಯೂ ಸಿಗುವುದಿಲ್ಲ.

ಔಟ್‌ಪುಟ್ ನಿಂತದ್ದೆಲ್ಲ ಕಟ್-ಆಫ್ ಅಲ್ಲ. ಮಿಕ್ಸಿ ಹಾಕಿದ ಕೂಡಲೇ ನಿಂತರೆ ಓವರ್‌ಲೋಡ್. ಇನ್ವರ್ಟರಿನ ಹಿಂದಿನ ಸಾಕೆಟ್ಟಿಗೇ ಒಂದು ಬಲ್ಬು ಚುಚ್ಚಿದಾಗ ಉರಿದು, ಮನೆಯಲ್ಲಿ ಮಾತ್ರ ಇಲ್ಲವಾದರೆ ತಪ್ಪು ವಯರಿಂಗ್‌ನಲ್ಲಿ. ಬೀಪೂ ಇಲ್ಲ, ದೀಪವೂ ಇಲ್ಲ ಎಂದಾದರೆ ಡಿಸಿ ಫ್ಯೂಸ್ ನೋಡಬೇಕು. ಹೊಸ ಫ್ಯೂಸೂ ಹಾಕಿದೊಡನೆ ಹಾರಿದರೆ ಒಳಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ ಎಂದೇ ಲೆಕ್ಕ. ದಪ್ಪದ ಫ್ಯೂಸ್ ಹಾಕಿ ಹಟ ಮಾಡಿದರೆ ಬೋರ್ಡೇ ಸುಡುತ್ತದೆ. ಆಗ ಅಂಗಡಿಗೇ ಕೊಡಬೇಕು. ಬಿಚ್ಚಿದವರಿಗೆ ಒಳಗೆ ಕಾಣುವುದು ಎಷ್ಟೋ ಸಲ ಬೆಚ್ಚಗಿನ ಜಾಗ ಹುಡುಕಿ ಬಂದು ಬೋರ್ಡಿನ ಮೇಲೆ ಅಡ್ಡಬಿದ್ದ ಹಲ್ಲಿ.