ಎಎಲ್‌ಟಿ ಇಳಿದರೆ ನಾಯಿಯ ಲಿವರ್ ಸುಧಾರಿಸಿದಂತೆಯೇ?

ಲಿವರ್ ರಿಪೋರ್ಟ್‌ನಲ್ಲಿ ಎರಡು ಬಗೆಯ ಅಂಕಿಗಳಿವೆ. ಎಎಲ್‌ಟಿ, ಎಎಲ್‌ಪಿ ಒಂದು ಗುಂಪು: ಲಿವರ್‌ನ ಜೀವಕೋಶಗಳಿಂದ ರಕ್ತಕ್ಕೆ ಬರುವ ಕಿಣ್ವಗಳು (ಎನ್‌ಜೈಮ್). ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್), ಯೂರಿಯಾ, ಗ್ಲೂಕೋಸ್, ಕೊಲೆಸ್ಟ್ರಾಲ್ ಇನ್ನೊಂದು: ಲಿವರ್ ತಯಾರಿಸುವ ಪದಾರ್ಥಗಳು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿ ನೆನೆಸಿಕೊಳ್ಳಿ. ಚೀಲ ಹರಿದರೆ ಮಂಡಕ್ಕಿ ನೆಲಕ್ಕೆ ಚೆಲ್ಲುತ್ತದೆ. ಚೆಲ್ಲಿದ್ದೆಷ್ಟು ಎಂಬುದು ಎಎಲ್‌ಟಿ, ಪೇಟೆಗೆ ಹೋದ ಚೀಲಗಳೆಷ್ಟು ಎಂಬುದು ಆಲ್ಬುಮಿನ್. ನೆಲ ಸ್ವಚ್ಛವಾಗಿದೆ ಎಂದರೆ ಚೀಲ ಹರಿಯುವುದು ನಿಂತಿರಬಹುದು. ಇಲ್ಲವೆ ತುಂಬಲು ಮಂಡಕ್ಕಿಯೇ ಉಳಿದಿಲ್ಲದಿರಬಹುದು. ಲಿವರ್ ಗಟ್ಟಿಯಾಗಿ ಕುಗ್ಗಿದ ಸಿರೋಸಿಸ್‌ನಲ್ಲಿ ಎಎಲ್‌ಟಿ ಕೆಲವೊಮ್ಮೆ ನಾರ್ಮಲ್ ಕಾಣುವುದು ಇದರಿಂದಲೇ: ಸೋರಲು ಜೀವಕೋಶಗಳೇ ಕಡಿಮೆ.

ಕಾಲದ ಲೆಕ್ಕವೂ ಬೇರೆ. ನಾಯಿಯ ರಕ್ತದಲ್ಲಿ ಎಎಲ್‌ಟಿ ಸುಮಾರು ಎರಡು–ಮೂರು ದಿನಕ್ಕೆ ಅರ್ಧವಾಗುತ್ತದೆ, ಆಲ್ಬುಮಿನ್‌ಗೆ ಹೆಚ್ಚುಕಡಿಮೆ ಎಂಟು ದಿನ ಬೇಕು. ಹಾಗಾಗಿ ಒಂದು ವಾರದಲ್ಲಿ 800 ಇದ್ದ ಎಎಲ್‌ಟಿ 150ಕ್ಕೆ ಬಂದರೂ, ಆಲ್ಬುಮಿನ್ 2.6ರಿಂದ 2.1ಕ್ಕೆ ಜಾರಿದ್ದರೆ, ಯೂರಿಯಾ ಕೂಡ ಇಳಿದಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ. ದೇಹದಲ್ಲಿ ಹುಟ್ಟುವ ವಿಷವಾದ ಅಮೋನಿಯಾವನ್ನು ಯೂರಿಯಾ ಮಾಡುವುದು ಲಿವರ್. ಯೂರಿಯಾ ತಗ್ಗಿದರೆ ಅಮೋನಿಯಾ ರಕ್ತದಲ್ಲೇ ಉಳಿಯುತ್ತಿರಬಹುದು. ಮೂತ್ರಪಿಂಡ ಹಾಳಾದರೆ ಆಲ್ಬುಮಿನ್ ಮೂತ್ರದಲ್ಲೂ ಹೋಗುತ್ತದೆ, ಆದ್ದರಿಂದ ಮೂತ್ರದ ಪ್ರೋಟೀನ್ ನೋಡದೆ ತಪ್ಪನ್ನು ಲಿವರ್ ಮೇಲೆ ಹೊರಿಸಬೇಡಿ.

ಎಎಲ್‌ಪಿ ಮಾತ್ರ ಏರಿದ್ದರೆ ತುರಿಕೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ಕೊಟ್ಟಿದ್ದರೇ ಎಂದು ಮೊದಲು ಕೇಳಿ. ಬೇರೆ ಕಾರಣವಿಲ್ಲದೆಯೂ ಸ್ಟೆರಾಯ್ಡ್ ಅದನ್ನು ಏರಿಸಬಲ್ಲದು. ಕಣ್ಣು, ಒಸಡು ಹಳದಿಯಾದರೆ ರಕ್ತದ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡಿ. ರಕ್ತ ಹೀರುವ ಉಣ್ಣಿ ಕಚ್ಚಿ ಬರುವ ಬೆಬೀಸಿಯಾ ರೋಗದಲ್ಲಿ ಕೆಂಪು ರಕ್ತಕಣ ಒಡೆದೂ ಕಾಮಾಲೆಯಾಗುತ್ತದೆ.

ಅಮೋನಿಯಾ ಏರಿದ ಗುರುತುಗಳು: ಊಟವಾದ ಮೇಲೆ ಸುತ್ತುಹಾಕುವುದು, ಗೋಡೆಗೆ ತಲೆ ಒತ್ತುವುದು, ಜೊಲ್ಲು. ಇದಕ್ಕೆ ಲ್ಯಾಕ್ಟುಲೋಸ್ ಸಿರಪ್, ಸಾಮಾನ್ಯವಾಗಿ ಕಿಲೋಗೆ 0.5 ಮಿಲಿಯಂತೆ ದಿನಕ್ಕೆ 2–3 ಸಲ. 10 ಕಿಲೋ ನಾಯಿಗೆ ಸಲಕ್ಕೆ 5 ಮಿಲಿ. ಇದು ಕರುಳನ್ನು ಹುಳಿಯಾಗಿಸಿ ಅಮೋನಿಯಾವನ್ನು ಅಲ್ಲೇ ಹಿಡಿದಿಟ್ಟು ಮಲದಲ್ಲಿ ಕಳಿಸುತ್ತದೆ. ದಿನಕ್ಕೆ ಎರಡು–ಮೂರು ಮೆತ್ತನೆಯ ಮಲ ಬಂದರೆ ಪ್ರಮಾಣ ಸರಿ. ನೀರುಭೇದಿಯಾದರೆ ವೈದ್ಯರಿಗೆ ಹೇಳಿ ಇಳಿಸಿ. ನೀರು, ಪೊಟ್ಯಾಶಿಯಂ ಕಳೆದುಕೊಂಡ ನಾಯಿಯಲ್ಲಿ ಅಮೋನಿಯಾ ಮತ್ತೆ ಏರುತ್ತದೆ.

ಈ ಗುರುತುಗಳಿಲ್ಲದಿದ್ದರೆ ಪ್ರೋಟೀನ್ ಕಡಿಮೆ ಮಾಡಬೇಡಿ. ಬರೀ ಅನ್ನ–ಮಜ್ಜಿಗೆಯ ಮೇಲೆ ಇಟ್ಟರೆ ಮಾಂಸಖಂಡ ಕರಗುತ್ತದೆ, ಅಮೋನಿಯಾ ತೆಗೆಯುವ ಇನ್ನೊಂದು ಅಂಗ ಆ ಮಾಂಸಖಂಡವೇ. 10 ಕಿಲೋ ನಾಯಿಗೆ ದಿನಕ್ಕೆ ಪ್ರೋಟೀನ್ 20 ಗ್ರಾಂಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ: ಎರಡು ಬೇಯಿಸಿದ ಮೊಟ್ಟೆಯಲ್ಲಿ 12, ಒಣ ಸೋಯಾ ಚಂಕ್ಸ್ 20 ಗ್ರಾಂನಲ್ಲಿ ಸುಮಾರು 10. ನಾಲ್ಕು ಪಾಲು ಮಾಡಿ, ಕೊನೆಯದು ಮಲಗುವ ಮುಂಚೆ. ಲಿವರ್ ಕಾಯಿಲೆಗೆ ಕುರಿ ಲಿವರ್ ತಿನ್ನಿಸುವ ರೂಢಿ ಬಿಡಲೇಬೇಕು, ಅದರಲ್ಲಿ ತಾಮ್ರ ಬಹಳ. ವೈದ್ಯರು ಬರೆದಿದ್ದರೆ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ (ಪಿತ್ತ ಹರಿಯಲು ಕೊಡುವ ಮದ್ದು) ಊಟದ ಜೊತೆ, ಸ್ಯಾಮಿ (SAMe, ಲಿವರ್‌ಗೆ ಕೊಡುವ ಪೂರಕ) ಮಾತ್ರೆ ಊಟಕ್ಕೆ ಒಂದು ಗಂಟೆ ಮುಂಚೆ, ಖಾಲಿ ಹೊಟ್ಟೆಗೆ.

ನಮ್ಮ ಕಡೆಗೆ ವಿಶೇಷವಾಗಿ ಅನ್ವಯಿಸುವುದು ಬೂಷ್ಟು. ದಾವಣಗೆರೆಯಲ್ಲಿ ಮೆಕ್ಕೆಜೋಳ, ಚಳ್ಳಕೆರೆ ಕಡೆ ಶೇಂಗಾ ಹಿಂಡಿ ಸುಲಭವಾಗಿ ಸಿಗುತ್ತವೆ, ನಾಯಿಯ ಅಂಬಲಿಗೂ ಬೀಳುತ್ತವೆ. ತೇವ ಹಿಡಿದ ಕಾಳಿನಲ್ಲಿ ಆಸ್ಪರ್ಜಿಲಸ್ ಬೂಷ್ಟು ಅಫ್ಲಾಟಾಕ್ಸಿನ್ ಬಿಡುತ್ತದೆ, ಅದು ನಾಯಿಯ ಲಿವರ್‌ಗೆ ಕಡುವಿಷ. ಅಂಬಲಿ ಕುದಿಸಿದರೂ ಅದು ಹೋಗುವುದಿಲ್ಲ. ಹಿಟ್ಟಾದ ಮೇಲೆ ಬಣ್ಣವೂ ಗೊತ್ತಾಗುವುದಿಲ್ಲ, ಅದಕ್ಕೇ ಗಿರಣಿಗೆ ಹಾಕುವ ಮುಂಚೆ ಕಾಳನ್ನು ಮೊರದಲ್ಲಿ ಹರಡಿ ನೋಡಿ. ಹಸಿರು–ಹಳದಿ ಪುಡಿ ಹತ್ತಿದ, ಮುಗ್ಗು ವಾಸನೆಯ ಚೀಲವನ್ನು ಪೂರ್ತಿ ಬಿಡಿ. ಆರಿಸಿ ತೆಗೆದು ಉಳಿದದ್ದನ್ನು ಕೊಡಬೇಡಿ, ಕಣ್ಣಿಗೆ ಚೆನ್ನಾಗಿ ಕಾಣುವ ಕಾಳಿನಲ್ಲೂ ವಿಷ ಇರಬಹುದು.